ಕಾಣದವನ ಮಾತು

ಅಡಕೆ ಸುಲಿಯುವ ರಾತ್ರಿಗಳಲ್ಲಿ, ಜಗಲಿಯುದ್ದಕ್ಕೂ ಸಾಲಾಗಿ ಕುಳಿತವರ ಕೈ ಕತ್ತಿಯ ಮೇಲೂ ಕಿವಿ ಮಾತಿನ ಮೇಲೂ ಇರುತ್ತಿದ್ದಾಗ, ಪುತ್ತೂರಿನ ಕಡೆಯ ನಮ್ಮ ಬಂಧುಗಳಾದ ಹಿರಿಯರೊಬ್ಬರು 1942ರಲ್ಲಿ ಪೇಟೆಯ ಪರಿಚಿತರ ಮನೆಯಲ್ಲಿ ಬ್ಯಾಟರಿ ರೇಡಿಯೋದ ಮುಂದೆ ಕುಳಿತು ಸುಭಾಷರ ಭಾಷಣವನ್ನು ಕೇಳಿದ ಕಥೆ ಹೇಳುತ್ತಿದ್ದರು. ಎರಡು ತೆಂಗಿನ ಮರಗಳ ನಡುವೆ ಬಿಗಿದ ತಂತಿ, ಕಡಲಿನಂತೆ ಏರಿಳಿಯುವ ಗೊರಗೊರ ಸದ್ದು, ಅದರಲ್ಲಿ ಮುಳುಗುತ್ತ ಏಳುತ್ತ ಬರುವ ಇಂಗ್ಲಿಷ್ ವಾಕ್ಯಗಳು. ಹಿರಿಯರಿಗೋ ಇಂಗ್ಲಿಷು ಅಷ್ಟಕ್ಕಷ್ಟೆ. "ಅದು ಸುಭಾಷರದೇ ಧ್ವನಿಯೆಂದು ನಿಮಗೆ ಹೇಗೆ ತಿಳಿಯಿತು ಅಜ್ಜ?" ಎಂದು ನಾನೊಮ್ಮೆ ಕೇಳಿದೆ. "ತಿಳಿಯುವುದೆಂತದು ಮಾರಾಯ, ನಮಗೆ ಅದು ಅವರದ್ದೇ ಆಗಬೇಕಿತ್ತು" ಎಂದರು.

ಯುದ್ಧಕಾಲದ ಪ್ರಚಾರವೆಂಬ ವಿದ್ಯೆಯ ಬೀಜಮಂತ್ರವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆ ವರ್ಷದ ಮಾರ್ಚಿನಲ್ಲಿ, ಸುಭಾಷರು ವಿಮಾನಾಪಘಾತದಲ್ಲಿ ಮಡಿದರೆಂಬ ಸುದ್ದಿ ಹಬ್ಬಿ, ಗಾಂಧೀಜಿಯವರು ಅವರ ತಾಯಿಗೆ ಸಂತಾಪದ ತಂತಿಯನ್ನೂ ಕಳುಹಿಸಿದ ಮೇಲೆ, ಸತ್ತವರೇ ಬರ್ಲಿನ್ನಿನ ಆಜಾದ್ ಹಿಂದ್ ರೇಡಿಯೋದಲ್ಲಿ ಮಾತನಾಡಿ ಅದನ್ನು ಅಲ್ಲಗಳೆದರು. ಒಮ್ಮೆ ಸುಳ್ಳಾದ ಮರಣವಾರ್ತೆ ಮುಂದಿನದಕ್ಕೂ ಕಳಂಕವನ್ನಂಟಿಸಿತು. 1945ರ ಆಗಸ್ಟಿನಲ್ಲಿ ತೈಪೆಯಿಂದ ಬಂದ ವಾರ್ತೆಯನ್ನು ದೇಶದ ಒಂದು ಭಾಗ ಇಂದಿಗೂ ಒಪ್ಪಿಕೊಂಡಿಲ್ಲ. 1943ರಿಂದ ಅದೇ ಧ್ವನಿ ಸಿಂಗಾಪುರದಿಂದ ಬರತೊಡಗಿತಷ್ಟೆ? ಆ ನಗರವನ್ನು ಜಪಾನೀಯರು ಆಕ್ರಮಿಸಿಕೊಂಡು ಶೋನನ್ ಎಂದು ಹೆಸರಿಟ್ಟಿದ್ದರು. ಅಲ್ಲಿಯ ನಿವಾಸಿಗಳು ಪರದೇಶದ ವಾರ್ತೆಯನ್ನು ಗುಟ್ಟಾಗಿ ಕೇಳಿ ಸಿಕ್ಕಿಬಿದ್ದರೆ ಸೆರೆಮನೆ, ಚಿತ್ರಹಿಂಸೆ. ಕೇಳುವ ಸ್ವಾತಂತ್ರ್ಯವಿಲ್ಲದ ಊರಿನಿಂದ ಸ್ವಾತಂತ್ರ್ಯದ ಕರೆ ಹೊರಡುತ್ತಿತ್ತೆಂಬುದು ನಮ್ಮ ಜಗಲಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಅಜ್ಜನ ಉತ್ತರ ಬದಲಾಗುತ್ತಿತ್ತೆಂದು ನಾನು ಭಾವಿಸಲಾರೆ.

ಆದರೆ ಕಾಣದವನ ಮಾತನ್ನು ನಂಬುವುದಕ್ಕೆ ನಮ್ಮ ಸೀಮೆಯವರು ರೇಡಿಯೋ ಬರುವವರೆಗೆ ಕಾದವರಲ್ಲ. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ ಸರ್ಕಾರವು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ತೆರಬೇಕೆಂದು ವಿಧಿಸಿದಾಗ, ಬತ್ತವುಂಟು ಕಾಸಿಲ್ಲವೆಂಬ ರೈತನು ಸಾಹುಕಾರನ ಬಾಗಿಲಿಗೆ ಹೋಗದೆ ಗತಿಯಿರಲಿಲ್ಲ. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು 1837ರಲ್ಲಿ ದಂಡೆತ್ತಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜವೇರಿಸಿ, ಹದಿಮೂರು ದಿನ ಪಟ್ಟಣವನ್ನಾಳಿದರು. ದಂಡಿನೊಡನೆ ಊರೂರಿಗೆ ಹೋದವು ಕಲ್ಯಾಣಸ್ವಾಮಿಯ ಹೆಸರಿನ ನಿರೂಪಗಳು: ಮೂರು ವರ್ಷ ಕಂದಾಯ ಮಾಫಿ, ಉಪ್ಪು ಹೊಗೆಸೊಪ್ಪುಗಳ ಮೇಲಿನ ಸರ್ಕಾರದ ಹಿಡಿತ ರದ್ದು. ಓದುಬಲ್ಲವನೊಬ್ಬ ಗಟ್ಟಿಯಾಗಿ ಓದಿದರೆ ಸಾಕು, ಉಳಿದವರಿಗೆ ಅದು ಅರಸನ ಬಾಯಿಂದಲೇ ಬಂದಂತೆ.

ಅರಸನೆಂಬವನು ಯಾರು? ಕೊಡಗಿನ ಅರಸರಾದ ಹಾಲೇರಿ ವಂಶದವನೆನ್ನಿಸಿಕೊಂಡಿದ್ದ ಕಲ್ಯಾಣಸ್ವಾಮಿ ಆ ಮೊದಲೇ ಕಂಪೆನಿಯ ಸೆರೆಯಲ್ಲಿದ್ದನು. ದಂಡಿನ ಮುಂದೆ ಆ ಹೆಸರನ್ನು ಹೊತ್ತು ನಡೆದವನು ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ. ಇದನ್ನು ವಂಚನೆಯೆಂದು ಕರೆದುಬಿಡುವುದು ಸುಲಭ. ನನಗೆ ಮನಸ್ಸು ಬಾರದು. ವೇಷಧಾರಿಯಾದವನು ಜೂನ್ ತಿಂಗಳಲ್ಲಿ ಬಿಕರ್ನಕಟ್ಟೆಯ ಗಲ್ಲುಗಂಬದವರೆಗೂ ಆ ಹೆಸರಿನ ಹೊರೆಯನ್ನು ಹೊತ್ತನಲ್ಲ! ಹಾಗೆಂದು ನಿರೂಪವನ್ನು ಕೇಳಿ ಮನೆಬಿಟ್ಟು ಹೊರಟ ಒಕ್ಕಲಿಗೆ, ತಾನು ಯಾರ ಮಾತನ್ನು ನಂಬಿದೆನೆಂದು ತಿಳಿಯುವ ಹಕ್ಕಿರಲಿಲ್ಲವೆಂದೂ ನಾನು ಹೇಳಲಾರೆ.

ಕಣ್ಣೂರಿನಿಂದ ಬಂದ ಸೈನ್ಯ ಮಂಗಳೂರನ್ನು ಮರಳಿ ಹಿಡಿದ ಮೇಲೆ ಗೆದ್ದವರ ಮಾತಿಗೆ ಬೆಲೆ ಬಂತು. ಕಲ್ಯಾಣಸ್ವಾಮಿ ಕಲ್ಯಾಣಪ್ಪನಾಗಿ, ದಂಗೆಗೆ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು ನಿಂತಿತು. ಕಾಟಕಾಯಿಯೆಂದರೆ ಲೂಟಿ, ಉಪದ್ರವ. ಈ ಹೆಸರು ಹಬ್ಬುವುದಕ್ಕೆ ಪ್ರಸಾರಕೇಂದ್ರವೂ ಬೇಕಾಗಲಿಲ್ಲ, ಕಾಗದವೂ ಬೇಕಾಗಲಿಲ್ಲ. 2022ರಲ್ಲಿ ಬಾವುಟಗುಡ್ಡೆಯ ಮೇಲೆ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ಭಾಷಣಗಳಲ್ಲಿ ಆ ದಂಗೆ ಅಮರ ಸುಳ್ಯದ ಸ್ವಾತಂತ್ರ್ಯ ಸಂಗ್ರಾಮವೂ ಆಯಿತು. ನಮ್ಮ ಅಜ್ಜಿಯ ಹಿರಿಯರಲ್ಲಿ ಒಬ್ಬರು ಆ ದಂಡಿನಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಆದರೂ ನಾವು ಮಕ್ಕಳು ಸುಲಿದಿಟ್ಟ ಅಡಕೆಯ ರಾಶಿಯನ್ನು ಕೆದರಿ ಓಡಿದಾಗ ಅದೇ ಅಜ್ಜಿ ಒಳಗಿನಿಂದ ಕೂಗುತ್ತಿದ್ದುದು, "ಇದೆಂತದು ಮಕ್ಕಳೇ, ಕಲ್ಯಾಣಪ್ಪನ ಕಾಟಕಾಯಿಯಾ?"