ಕಟ್ಟಪ್ಪನಿಗೆ ಕೂಲಿ ಎಷ್ಟು?

ಬಾಹುಬಲಿಯನ್ನು ಕಟ್ಟಪ್ಪ ಯಾಕೆ ಕೊಂದ?

2015ರ ಜುಲೈ 10ರಿಂದ 2017ರ ಏಪ್ರಿಲ್ 28ರವರೆಗೆ, ಒಂದು ಸಿನಿಮಾ ಬಂದು ಅದರ ಎರಡನೇ ಭಾಗ ಬರುವ ತನಕ, ಈ ದೇಶ ಉಸಿರು ಬಿಡದೆ ಕೇಳಿಕೊಂಡ ಪ್ರಶ್ನೆ ಇದು. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಮೊಬೈಲಿನಲ್ಲಿ, ನಮ್ಮ ಹಾಸ್ಟೆಲಿನ ಕಕ್ಕಸು ಗೋಡೆಯ ಮೇಲೆ ಕೂಡ. ನಾವೂ ಕೇಳಿದವರೇ. ಆಗ ಹೈಸ್ಕೂಲಿನಲ್ಲಿದ್ದೆವು. ಒಬ್ಬೊಬ್ಬನದು ಒಂದೊಂದು ಉತ್ತರ. ಭಲ್ಲಾಳದೇವ ಮೋಸ ಮಾಡಿದ ಅಂತ ಒಬ್ಬ, ಶಿವಗಾಮಿಯ ಅಪ್ಪಣೆ ಇತ್ತು ಅಂತ ಇನ್ನೊಬ್ಬ, ಬಾಹುಬಲಿ ಸತ್ತೇ ಇಲ್ಲ ಕಣೋ ಅಂತ ಮತ್ತೊಬ್ಬ. ತಟ್ಟೆ ಹಿಡಿದು ಮುದ್ದೆಗೆ ಸಾಲು ನಿಂತಾಗ ಇದೇ ಮಾತಿಗೆ ಕೊರಳಪಟ್ಟಿ ಹಿಡಿದದ್ದೂ ಉಂಟು.

ಆ ಎರಡು ವರ್ಷದ ನಡುವೆಯೇ, 2016ರ ಜನವರಿ 17ರಂದು, ಆ ಸಿನಿಮಾದ ಸುಳ್ಳು ಕೋಟೆ ಕಟ್ಟಿದ್ದ ಅದೇ ಹೈದರಾಬಾದಿನಲ್ಲಿ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ರೋಹಿತ್ ವೇಮುಲ ಸತ್ತ. ಅದೇ ವರ್ಷದ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮವರನ್ನು ಕಾರಿಗೆ ಕಟ್ಟಿ ಬಡಿದರು. ಅದಕ್ಕೂ ಯಾಕೆ ಅಂತ ಕೇಳಿದವರಿದ್ದಾರೆ, ಬೀದಿಗೆ ಇಳಿದವರಿದ್ದಾರೆ. ಆದರೆ ಟೀ ಅಂಗಡಿಯ 'ಯಾಕೆ' ಮಾತ್ರ ಕಟ್ಟಪ್ಪನದೇ ಆಗಿತ್ತು.

ಈಗ ಈ ಹಳೇ ಮಾತು ಯಾಕೆ ಅಂದರೆ, 2025ರ ಅಕ್ಟೋಬರ್ 31ರಂದು ಎರಡೂ ಭಾಗ ಸೇರಿಸಿ ಹೊಲಿದು ಮತ್ತೆ ಥಿಯೇಟರಿಗೆ ಬಿಟ್ಟರು. ಮತ್ತೆ ಅದೇ ಹಾಲಿನ ಅಭಿಷೇಕ, ಅದೇ ವಾದ, ಯಾವ ಪಾತ್ರ ದೊಡ್ಡದು ಯಾವುದು ಚಿಕ್ಕದು ಅನ್ನುವ ಅದೇ ತಕ್ಕಡಿ. ಹತ್ತು ವರ್ಷದಲ್ಲಿ ನಮಗೆ ಡಿಗ್ರಿ ಬಂತು. ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ.

ನಮ್ಮ ಹಟ್ಟಿಯ ತಾತನಿಗೆ ಮೊಬೈಲಿನಲ್ಲಿ ಆ ಸಿನಿಮಾ ತೋರಿಸಿದೆವು. ಕೋಲಾರದ ಕಡೆಯವರು ನಾವು, ತಾತನಿಗೆ ತೆಲುಗು ಬರುತ್ತೆ. ಯುದ್ಧ ನೋಡಿ ಕಣ್ಣು ಮಿಟುಕಿಸಲಿಲ್ಲ. ಜಲಪಾತ ನೋಡಿ ತಲೆದೂಗಲಿಲ್ಲ. ನಡುವೆ ಒಂದೇ ಮಾತು ಕೇಳಿದ.

"ಆ ಬೋಳುತಲೆಯವ್ನಿಗೆ ವರ್ಸಕ್ಕೆ ಏಟು ಕೊಡ್ತಾರಂತೆ?"

"ಏನೂ ಕೊಡಲ್ಲ ತಾತ. ಅವನು ಗುಲಾಮ."

"ಅವರಪ್ಪ ಸಾಲ ಮಾಡಿದ್ನಾ?"

"ಸಾಲ ಅಲ್ಲ. ಮಾತು. ಅವರ ಹಿರೀಕರು ಸಿಂಹಾಸನಕ್ಕೆ ಮಾತು ಕೊಟ್ಟಿದ್ರಂತೆ."

ತಾತ ಬೀಡಿ ಹಚ್ಚಿದ. "ಮಾತಾ? ನಮ್ಮಪ್ಪಂದು ಸಾಲಾನಾದ್ರೂ ಇತ್ತು ಕಣ್ಲಾ. ನಲವತ್ತು ರೂಪಾಯಿ."

ಆ ನಲವತ್ತು ರೂಪಾಯಿಗೆ ತಾತ ಹತ್ತನೇ ವಯಸ್ಸಿಗೆ ದನ ಕಾಯಲು ಹೋದವನು ಗೌಡರ ಮನೆಯಿಂದ ಹೊರಗೆ ಬಂದದ್ದು ಮೀಸೆ ನೆರೆತ ಮೇಲೆ. ವರ್ಷಕ್ಕೆ ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಇದಕ್ಕೆ ನಮ್ಮಲ್ಲಿ ಜೀತ ಅಂತ ಹೆಸರು. 1976ರಲ್ಲಿ ಜೀತವನ್ನು ರದ್ದು ಮಾಡುವ ಕಾಯಿದೆ ಬಂತು. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯಬೇಕಿಲ್ಲ, ಆ ಸಾಲವೇ ಇಲ್ಲ ಅಂತ ಆ ಕಾಯಿದೆ ಹೇಳುತ್ತೆ. ಹಿರಿಯರಿಂದ ಬಂದ ಕಟ್ಟುಪಾಡೂ ಅದರ ಪ್ರಕಾರ ಜೀತವೇ. ಹಾಗಾದರೆ ಕಟ್ಟಪ್ಪ ಯಾರು ಸ್ವಾಮಿ? ವೀರ, ಶೂರ, ಕತ್ತಿಯ ಮಾಂತ್ರಿಕ, ಅದೆಲ್ಲ ಆಮೇಲೆ. ಮೊದಲು ಅವನು ಜೀತದಾಳು. ತಲೆತಲಾಂತರದ ಜೀತದಾಳು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಗೊತ್ತು, ನೊಗಕ್ಕೆ ಹೆಗಲು ಕೊಟ್ಟು ಎತ್ತಿನಂತೆ ಹೊಲ ಉಳುತ್ತಿದ್ದ ಅಪ್ಪನನ್ನು ಮಗ ನೋಡಿದ್ದು. ಆ ನೊಗಕ್ಕೆ ಚಿನ್ನದ ಬಣ್ಣ ಬಳಿದು, ಹಿಂದೆ ನೂರು ವಾದ್ಯ ಬಾರಿಸಿ ತೋರಿಸಿದರೆ ಅದು ಮಾಹಿಷ್ಮತಿ.

ಅಭಿಮಾನಿಗಳ ವಾದ ನಮಗೆ ಬಾಯಿಪಾಠ. ಕಟ್ಟಪ್ಪನೇ ನಿಜವಾದ ಹೀರೋ ಅನ್ನುತ್ತಾರೆ. ಯಾಕಪ್ಪಾ ಅಂದರೆ, ಅವನ ನಿಯತ್ತು. ಎಷ್ಟು ಕಷ್ಟ ಬಂದರೂ ಸಿಂಹಾಸನ ಬಿಡಲಿಲ್ಲ. ಎತ್ತಿ ಆಡಿಸಿದ ಹುಡುಗನ ಬೆನ್ನಿಗೆ ಕತ್ತಿ ಇಳಿಸು ಅಂದರೆ ಅಳುತ್ತಲೇ ಇಳಿಸಿದ. ನೀನು ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತೆ ಅಂತ ಶಿವಗಾಮಿ ಅಂದಳು, ತಾಯಿ ಕೈಗೆ ಮಗನ ರಕ್ತ ಅಂಟಬಾರದು ಅಂತ ತನ್ನ ಕೈಗೇ ಅಂಟಿಸಿಕೊಂಡ. ಎರಡು ವರ್ಷ ಕಾದ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟೇ: ಗುಲಾಮ, ಹೇಳಿದರು, ಮಾಡಿದ. ನಮ್ಮ ತಾತನನ್ನು ಕೇಳಿದ್ದರೆ ಮೊದಲನೇ ದಿನವೇ ಹೇಳುತ್ತಿದ್ದ. ಧಣಿಗಳ ಮನೆಯ ಜಗಳದಲ್ಲಿ ಕೊಡಲಿ ಯಾವಾಗಲೂ ಆಳಿನ ಕೈಯಲ್ಲೇ ಇರುತ್ತೆ. ಜೈಲಿಗೂ ಅವನೇ ಹೋಗುತ್ತಾನೆ.

ನಿಯತ್ತು. ಈ ಮಾತು ಎಷ್ಟು ನುಣುಪಾಗಿದೆ ನೋಡಿ. ಆಳಿಗೆ ನಿಯತ್ತಿರಬೇಕು, ನಾಯಿಗೆ ನಿಯತ್ತಿರಬೇಕು. ಧಣಿಗೆ ನಿಯತ್ತಿದೆಯಾ ಅಂತ ಯಾವ ಊರಿನ ಕಟ್ಟೆಯ ಮೇಲಾದರೂ ಯಾರಾದರೂ ಕೇಳಿದ್ದಾರಾ? ನಾವಂತೂ ಕೇಳಿಲ್ಲ.

ಇನ್ನೊಂದು ಗುಂಪಿನವರು ಕಟ್ಟಪ್ಪ ದ್ರೋಹಿ ಅನ್ನುತ್ತಾರೆ. ಇವರದು ಇನ್ನೂ ಸೋಜಿಗ. ದ್ರೋಹ ಬಗೆಯಲು ಮೊದಲು ಆಯ್ಕೆ ಇರಬೇಕಲ್ಲ? 2022ರ ಅಕ್ಟೋಬರಿನಲ್ಲಿ ಮುಂಬಯಿಯ ದಸರಾ ಸಭೆಯಲ್ಲಿ ಉದ್ಧವ್ ಠಾಕ್ರೆಯವರು ತಮ್ಮ ಪಕ್ಷ ಒಡೆದ ಏಕನಾಥ ಶಿಂಧೆಯವರನ್ನು ಕಟ್ಟಪ್ಪ ಅಂತ ಜರಿದರು. ಬೆನ್ನಿಗೆ ಇರಿದವನು ಅನ್ನುವ ಅರ್ಥಕ್ಕೆ. ಹೀಗೆ ಒಂದು ಕಡೆ ನಿಯತ್ತಿಗೆ ಗಾದೆ, ಇನ್ನೊಂದು ಕಡೆ ದ್ರೋಹಕ್ಕೆ ಬೈಗುಳ. ಅವನ ಹೆಸರು ಎರಡೂ ಕಡೆ ದುಡಿಯುತ್ತಿದೆ. ಅಲ್ಲೂ ಕೂಲಿ ಇಲ್ಲ.

ನಾವು ನಮ್ಮ ತಪ್ಪನ್ನೂ ಹೇಳಬೇಕು. ಮೊದಲ ಭಾಗದಲ್ಲಿ ಒಂದು ದೃಶ್ಯ ಬರುತ್ತೆ. ಸತ್ತ ಬಾಹುಬಲಿಯ ಮಗನ ಮುಖ ಕಂಡ ಕೂಡಲೆ ಮುದಿ ಕಟ್ಟಪ್ಪ ಓಡಿಬಂದು ಮಂಡಿಯೂರಿ ಜಾರಿ, ಆ ಹುಡುಗನ ಪಾದವನ್ನು ಎತ್ತಿ ತನ್ನ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಾನೆ. ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿತು. ಚಿಲ್ಲರೆ ತೂರಿದರು. ನಾವು, ಕೇರಿಯ ಹುಡುಗರು, ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದೆವು. ನಮ್ಮ ಅಜ್ಜಂದಿರು ಯಾರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೋ, ಅವರ ಮಕ್ಕಳ ಪಕ್ಕದ ಸೀಟಿನಲ್ಲಿ ಕೂತು ಆ ಕಾಲಿಗೆ ಸೀಟಿ ಹೊಡೆದೆವು. ಮೈ ಜುಂ ಅಂದದ್ದು ಸುಳ್ಳಲ್ಲ. ಅದೇ ನಮ್ಮನ್ನು ಇವತ್ತಿಗೂ ಚುಚ್ಚುತ್ತಿರುವುದು. ಪುಸ್ತಕದಲ್ಲಿ ಗುಲಾಮಗಿರಿ ಅಂತ ಓದಿದರೆ ಸಿಟ್ಟು ಬರುತ್ತೆ, ಪರದೆಯ ಮೇಲೆ ಅದು ನೆತ್ತಿಗೇರಿದರೆ ಸೀಟಿ ಬರುತ್ತೆ. ಈ ಎರಡು ಮೈ ನಮ್ಮೊಳಗೆ ಹೆಂಗೆ ಬಂದು ಕೂತವು?

ಅದೇ ಭಾಗದಲ್ಲಿ ನಮ್ಮ ಕನ್ನಡದ ಸುದೀಪ್ ಬರುತ್ತಾರೆ, ಅಸ್ಲಂ ಖಾನ್ ಅನ್ನುವ ಪರದೇಶದ ಕತ್ತಿ ವ್ಯಾಪಾರಿಯಾಗಿ. ಇಷ್ಟು ದೊಡ್ಡ ವೀರ ಗುಲಾಮನಾಗಿರುವುದೇನು, ನಿನ್ನನ್ನು ಬಿಡಿಸುತ್ತೇನೆ ಬಾ ಅನ್ನುವ ಮನುಷ್ಯ ಆ ಸಿನಿಮಾದಲ್ಲಿ ಅವನೊಬ್ಬನೇ. ಕಟ್ಟಪ್ಪ ಒಲ್ಲೆ ಅನ್ನುತ್ತಾನೆ. ಕರ್ನಾಟಕದ ಥಿಯೇಟರುಗಳಲ್ಲಿ ಸುದೀಪ್ ಬಂದದ್ದಕ್ಕೆ ಕೂಗು ಎದ್ದಿತು, ಅವರು ಆಡಿದ ಮಾತು ಆ ಕೂಗಿನಲ್ಲಿ ಮುಳುಗಿಹೋಯಿತು. ಇನ್ನೂ ತಮಾಷೆ ಕೇಳಿ. 2017ರಲ್ಲಿ ಎರಡನೇ ಭಾಗ ಬರುವಾಗ ನಮ್ಮಲ್ಲಿ ದೊಡ್ಡ ಗಲಾಟೆ ಆಯಿತು, ಬಂದ್ ಮಾಡುತ್ತೇವೆ ಅಂದರು. ಕಟ್ಟಪ್ಪನ ವೇಷ ಹಾಕಿದ ಸತ್ಯರಾಜ್ ಒಂಬತ್ತು ವರ್ಷದ ಹಿಂದೆ ಕಾವೇರಿ ವಿಷಯದಲ್ಲಿ ಕನ್ನಡಿಗರನ್ನು ಹೀಯಾಳಿಸಿ ಆಡಿದ್ದ ಮಾತಿಗೆ. ಅವರು ವಿಷಾದ ಹೇಳಿದರು, ಸಿನಿಮಾ ಬಿಡುಗಡೆ ಆಯಿತು. ಆ ಮಾತಿಗೆ ಸಿಟ್ಟು ಬಂದದ್ದು ತಪ್ಪು ಅನ್ನುವುದಿಲ್ಲ. ಆದರೆ ವೇಷಧಾರಿಯ ಮಾತು ಹುಡುಕಿ ತೆಗೆದ ನಾಡಿಗೆ ವೇಷದ ಕೊರಳಲ್ಲಿದ್ದ ಹಗ್ಗ ಕಾಣಲಿಲ್ಲ.

ಕಾಲಕೇಯರ ವಿಷಯ ಬಿಟ್ಟರೆ ಆಗದು. ಕಪ್ಪು ಮೈ, ಜಡೆಗಟ್ಟಿದ ಕೂದಲು, ಕೊಳಕು ಹಲ್ಲು, ಹೆಣ್ಣಿನ ಮೇಲೆ ಕಣ್ಣು. ಸುಂದರವಾದ ರಾಜ್ಯವನ್ನು ಹಾಳು ಮಾಡಲು ಬಂದ ಗುಂಪು. ಅವರಿಗೆ ಊರಿಲ್ಲ, ಹೊಲವಿಲ್ಲ, ಅವ್ವ ಇಲ್ಲ. ಅವರಿಗಾಗಿ ಮದನ್ ಕಾರ್ಕಿ ಅನ್ನುವ ತಮಿಳು ಕವಿ ಕಿಲಿಕಿ ಅಂತ ಒಂದು ಭಾಷೆಯನ್ನೇ ಕಟ್ಟಿದರು, ಸುಮಾರು 750 ಪದದ್ದು. ಹೊಸ ಪದ ಹುಟ್ಟಿಸಲು ಇಷ್ಟು ಶಕ್ತಿ ಇದ್ದವರೇ ತಮಿಳಿನಲ್ಲಿ ಒಂದು ಬೈಗುಳ ಬೇಕಾದಾಗ ಇದ್ದ ಜಾತಿಯ ಹೆಸರನ್ನೇ ಎತ್ತಿಕೊಂಡರು. ಅರುಂಧತಿಯರನ್ನು ಹಳಿಯುವ ಮಾತದು ಅಂತ 2015ರಲ್ಲಿ ತಮಿಳುನಾಡಿನಲ್ಲಿ ಪ್ರತಿಭಟನೆ ಆಯಿತು, ಕಾರ್ಕಿ ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದು. ಆದರೆ ಗಮನಿಸಿ, ಕಲ್ಪನೆಯ ಲೋಕಕ್ಕೆ ಭಾಷೆ ಹೊಸದು ಬೇಕು, ಬೈಗುಳ ಮಾತ್ರ ಹಳೇದೇ ಸಾಕು. ನಮ್ಮ ಶಾಲೆಯಲ್ಲಿ ಆ ವರ್ಷ ಕರ್ರಗಿದ್ದ ಹುಡುಗನಿಗೆಲ್ಲ ಕಾಲಕೇಯ ಅಂತ ಹೆಸರು ಬಿತ್ತು. ನಾವೇ ಇಟ್ಟೆವು, ನಮ್ಮಂಥವನಿಗೇ.

ಈಗ ಒಂದು ದೂರದ ಮಾತು. ಅಮೆರಿಕದಲ್ಲಿ 1966ರ ಜುಲೈನಲ್ಲಿ ಬ್ಲ್ಯಾಕ್ ಪ್ಯಾಂಥರ್ ಅನ್ನುವ ಕಪ್ಪು ಸೂಪರ್ ಹೀರೋ ಚಿತ್ರಕತೆಯ ಪುಸ್ತಕದಲ್ಲಿ ಹುಟ್ಟಿದ. ಅದೇ ವರ್ಷ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ಊರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆ ಪಕ್ಷದ ಹೆಸರು ಕೇಳಿಯೇ 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಮೊದಲಾದವರು ದಲಿತ ಪ್ಯಾಂಥರ್ಸ್ ಕಟ್ಟಿದರು. ಆದ್ದರಿಂದ 2018ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಸಿನಿಮಾ ಆಗಿ ಬಂದಾಗ ಅದು ನಮಗೆ ಪರರ ಮನೆಯ ಕತೆ ಅನ್ನಿಸಲಿಲ್ಲ. ಅದರಲ್ಲೂ ಒಬ್ಬ ಒಳ್ಳೆಯ ರಾಜ ಇದ್ದಾನೆ, ಟಚಾಲ. ಅವನ ಎದುರು ಓಕ್‌ಲ್ಯಾಂಡಿನ ಬೀದಿಯಲ್ಲಿ ಅನಾಥನಾಗಿ ಬೆಳೆದ ಕಿಲ್‌ಮಾಂಗರ್. ಸಿನಿಮಾ ಅವನನ್ನು ಖಳ ಅನ್ನುತ್ತೆ, ಕೊಲೆ ಮೇಲೆ ಕೊಲೆ ಮಾಡಿಸುತ್ತೆ. ಆದರೂ ನೋಡಿದವರು ಸುಮ್ಮನಾಗಲಿಲ್ಲ. ಇಷ್ಟು ಸಂಪತ್ತು ಬಚ್ಚಿಟ್ಟುಕೊಂಡು, ಹೊರಗೆ ನಮ್ಮವರು ಸಾಯುವಾಗ ನೀವೇನು ಮಾಡುತ್ತಿದ್ದಿರಿ ಅಂತ ಅವನು ರಾಜನನ್ನು ಕೇಳಿದ್ದು ಸರಿಯಾಗೇ ಇದೆಯಲ್ಲ ಅಂತ ಲೋಕವೆಲ್ಲ ವಾದಿಸಿತು. ಸಾಯುವ ಹೊತ್ತಿನಲ್ಲಿ ಬದುಕಿಸುತ್ತೇನೆ ಅಂದರೂ ಅವನು ಒಲ್ಲೆ ಅಂದ. ಸಂಕೋಲೆಗಿಂತ ಸಾವು ಮೇಲು ಅಂತ ಹಡಗಿನಿಂದ ಧುಮುಕಿದ ಹಿರಿಯರ ಜೊತೆ ತನ್ನನ್ನೂ ಕಡಲಿಗೆ ಸೇರಿಸಿ ಅಂದ.

ಎರಡೂ ಬೊಂಬೆಯಾಟವೇ. ಎರಡರಲ್ಲೂ ಹಿರಿಯರ ಹೆಸರು ಬರುತ್ತೆ. ಒಬ್ಬ ಹಿರಿಯರ ಹೆಸರಲ್ಲಿ ಗುಲಾಮನಾಗಿ ಉಳಿದ, ಇನ್ನೊಬ್ಬ ಹಿರಿಯರ ಹೆಸರಲ್ಲಿ ಒಲ್ಲೆ ಅಂದ. ಅಲ್ಲಿನ ಕಪ್ಪು ಹುಡುಗರು ತಮ್ಮ ಸಿನಿಮಾದ ಖಳನನ್ನು ರಾಜನ ಕೈಯಿಂದ ಕಿತ್ತುಕೊಂಡು ತಮ್ಮವನನ್ನಾಗಿ ಮಾಡಿಕೊಂಡರು. ನಾವು ನಮ್ಮವನನ್ನೇ ರಾಜನ ಕಾಲಡಿ ಬಿಟ್ಟು ಸೀಟಿ ಹೊಡೆದು ಬಂದೆವು.

ಇದೆಲ್ಲ ಬರೀ ಕತೆ, ನಿಮ್ಮದು ಯಾವಾಗಲೂ ಇದೇ ಗೋಳು ಅನ್ನುವವರಿದ್ದಾರೆ. ಅಲ್ರೀ, ಬರೀ ಕತೆಯಾದರೆ ಎರಡು ವರ್ಷ ನಿದ್ದೆ ಬಿಟ್ಟಿರಲ್ಲ, ಯಾಕೆ? ಪಾತ್ರಕ್ಕಾಗಿ ಜಗಳವಾಡುವುದು ಈ ನಾಡಿಗೆ ಹೊಸದೂ ಅಲ್ಲ. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದು ಶಂಬೂಕನನ್ನು ರಾಮನ ಬಾಣದಿಂದ ಉಳಿಸಿದಾಗ, ಹಳೆಯ ಕತೆಯನ್ನು ಹೀಗೆ ತಿರುಗಿಸಬಹುದೇ ಅಂತ ಮಾಸ್ತಿಯವರಂಥವರೇ ಆಕ್ಷೇಪ ಎತ್ತಿದರು. ಕುವೆಂಪು ಬಗ್ಗಲಿಲ್ಲ. ಪುರಾಣದ ಶಂಬೂಕನಿಗೆ ಒಬ್ಬ ಕವಿ ಸಿಕ್ಕ. ಕಟ್ಟಪ್ಪನಿಗೆ ಕೋಟಿ ಅಭಿಮಾನಿಗಳು ಸಿಕ್ಕರು, ಒಬ್ಬ ವಕೀಲ ಸಿಗಲಿಲ್ಲ.

ಸಿಗಲೇ ಇಲ್ಲ ಅಂದರೆ ತಪ್ಪಾದೀತು. 2017ರಲ್ಲಿ ಆನಂದ್ ನೀಲಕಂಠನ್ ಇಂಗ್ಲಿಷಿನಲ್ಲಿ ಬಾಹುಬಲಿಗೆ ಹಿಂದಿನ ಕತೆಯಾಗಿ 'ದಿ ರೈಸ್ ಆಫ್ ಶಿವಗಾಮಿ' ಬರೆದರು. ಅದರಲ್ಲಿ ಕಟ್ಟಪ್ಪನಿಗೆ ಒಬ್ಬ ತಮ್ಮ ಇದ್ದಾನೆ. ಶಿವಪ್ಪ. ಗುಲಾಮಗಿರಿ ಒಲ್ಲದವನು, ದಂಗೆ ಎದ್ದವರ ಜೊತೆ ಸೇರಲು ಹೊರಟವನು. ಒಂದೇ ಅಪ್ಪನಿಗೆ ಹುಟ್ಟಿ, ಒಂದೇ ಗುಡಿಸಲಿನಲ್ಲಿ ಬೆಳೆದು, ಒಬ್ಬ ನಿಯತ್ತಿಗೆ ಹೋದ, ಒಬ್ಬ ಬಂಡಾಯಕ್ಕೆ ಹೋದ. ಈ ಶಿವಪ್ಪನ ಹೆಸರು ನಮ್ಮ ಹಾಸ್ಟೆಲಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅವನನ್ನು ಯಾವ ಅಂಗಿಯ ಎದೆಯ ಮೇಲೂ ನಾವು ಕಂಡಿಲ್ಲ. ಎರಡನೇ ಸಿನಿಮಾ ಮುಗಿಯುವಾಗ ಹೊಸ ರಾಜನಿಗೆ ಪಟ್ಟ ಆಗುತ್ತೆ, ಕಟ್ಟಪ್ಪನಿಗೆ ಬಿಡುಗಡೆ ಅಂತ ಯಾರೂ ಸಾರಿದ್ದು ನಮಗೆ ಕೇಳಿಸಲಿಲ್ಲ. ಕತ್ತಲಾದ ಮೇಲೆ ಒಂದು ಮಗುವಿನ ದನಿ ಕೇಳುತ್ತೆ, ಮುಂದೆ ಇವನ ಮಗ ರಾಜ ಆಗ್ತಾನಾ ಅಂತ. ಮಕ್ಕಳ ಬಾಯಿಗೂ ಅರಮನೆಯ ಪ್ರಶ್ನೆಯನ್ನೇ ಹಾಕಿ ಕಳಿಸಿದ್ದಾರೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಮಕ್ಕಳಲ್ಲಿ ಈ ಸಿನಿಮಾ ನೋಡದವರು ಕಡಿಮೆ. ಶನಿವಾರ ಬೆಳಗ್ಗೆ ಒಂದು ಪೀರಿಯಡ್ ಬಿಡುವು ಮಾಡಿಕೊಳ್ಳಿ. ನಮ್ಮ ತಾತ ಕೇಳಿದ್ದನ್ನೇ ಬೋರ್ಡಿನ ಮೇಲೆ ಬರೆಯಿರಿ: ಕಟ್ಟಪ್ಪನಿಗೆ ಕೂಲಿ ಎಷ್ಟು? ಅದರ ಕೆಳಗೆ ಇನ್ನೊಂದು: ಅವನ ಹೆಂಡತಿ ಮಕ್ಕಳು ಎಲ್ಲಿ? ಮಕ್ಕಳು ಬರೆದದ್ದನ್ನು ಈ ಪತ್ರಿಕೆಗೆ ಅಂಚೆಯಲ್ಲಿ ಕಳಿಸಿ. ಕಾಗುಣಿತ ತಿದ್ದಬೇಡಿ.