‘ಲಾಗಿದೆ’ ಕನ್ನಡಕ್ಕೆ ಧಿಕ್ಕಾರ!

ಕನ್ನಡದ ತರುಣರೇ, ನಿಮ್ಮ ಗಂಟಲಿನ ಬಗ್ಗೆ ನಮಗೆ ಅನುಮಾನವಿಲ್ಲ. ನವೆಂಬರ್ ಬಂದರೆ ಅಟ್ಟೂರು ಬಡಾವಣೆಯಿಂದ ಯಲಹಂಕ ಉಪನಗರದವರೆಗೆ ಬಾವುಟ ಹಾರುತ್ತದೆ, ಆರ್ಕೆಸ್ಟ್ರಾ ನಡೆಯುತ್ತದೆ, ನಿಮ್ಮ ಜೈಕಾರ ಹೆಬ್ಬಾಳಕ್ಕೂ ಕೇಳಿಸುತ್ತದೆ. ಅನುಮಾನ ಇರುವುದು ನಿಮ್ಮ ಕೈಯ ಮೇಲೆ. ಆ ಕೈಗೊಂದು ಪೆನ್ನು ಕೊಟ್ಟು, ‘ಬೀದಿದೀಪ ಕೆಟ್ಟಿದೆ, ಪಾಲಿಕೆಗೆ ಅರ್ಧ ಪುಟ ಬರೆಯಪ್ಪಾ’ ಎಂದರೆ ಏನಾಗುತ್ತದೆ?

ಇದಾಗುತ್ತದೆ: ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಪ್ರದೇಶದಲ್ಲಿ ಬೀದಿದೀಪಗಳ ನಿರ್ವಹಣೆಯನ್ನು ಸಮರ್ಪಕವಾಗಿ ಮಾಡಲಾಗುತ್ತಿಲ್ಲವಾದ್ದರಿಂದ ಸಾರ್ವಜನಿಕರಿಗೆ ತೊಂದರೆ ಉಂಟಾಗುತ್ತಿರುವುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.’

ಯಾವ ಬೀದಿ? ಎಷ್ಟು ಕಂಬ? ಎಂದಿನಿಂದ? ಯಾರು ಸರಿಮಾಡಬೇಕಿತ್ತು? ಒಂದೂ ಇಲ್ಲ! ಸಾಹೇಬರಿಗೆ ಇದಕ್ಕಿಂತ ಸುಖದ ಕಾಗದ ಬೇಕೆ? ಅವರೂ ಅದೇ ಧಾಟಿಯಲ್ಲಿ ಒಂದು ಸಾಲು ಗೀಚುತ್ತಾರೆ: ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಪರಿಶೀಲಿಸುತ್ತಾರೆ ಸ್ವಾಮಿ, ಯಾವತ್ತು? ಅದನ್ನು ಕೇಳಬಾರದು. ‘ಲಾಗುವುದು’ ಅಷ್ಟೆ. ಯಲಹಂಕ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. 2025ರಲ್ಲಿ ಬೆಂಗಳೂರನ್ನೇ ಐದು ಪಾಲಿಕೆಗಳಾಗಿ ಹಂಚಿದರು. ಕಚೇರಿಯ ಬೋರ್ಡು ಬದಲಾಯಿತು, ‘ಲಾಗುವುದು’ ಬದಲಾಗಲಿಲ್ಲ.

ಸಂಘಟನೆಗಳ ನಾವೇನು ಕಡಿಮೆ? ಮನವಿಪತ್ರದ ಕೊನೆಯಲ್ಲಿ ಗುಡುಗುತ್ತೇವೆ: ‘ತಪ್ಪಿದಲ್ಲಿ ಉಗ್ರ ಹೋರಾಟ ಹಮ್ಮಿಕೊಳ್ಳಲಾಗುವುದು.’ ಹೋರಾಟಕ್ಕೂ ಹೋರಾಟಗಾರ ಇಲ್ಲ!

ಇದು ನಮ್ಮ ಮನೆಮಾತಲ್ಲ. ಯಾವ ತಾಯಿ ಮಗನಿಗೆ ‘ಅನ್ನ ಬಡಿಸಲಾಗಿದೆ’ ಅನ್ನುತ್ತಾಳೆ? ‘ಬಡಿಸಿದೀನಿ, ಬಾರೋ’ ಅನ್ನುತ್ತಾಳೆ. ಕನ್ನಡದ ಕ್ರಿಯಾಪದದ ಬಾಲದಲ್ಲೇ ಮಾಡಿದವನು ಕೂತಿರುತ್ತಾನೆ: ಮಾಡಿದೆ, ಮಾಡಿದಿರಿ, ಮಾಡಿದರು. ಇಂಗ್ಲಿಷ್ ಕಡತವನ್ನು ಮಕ್ಕೀಕಾಮಕ್ಕಿ ಇಳಿಸುವ ಭರದಲ್ಲಿ ಆ ಬಾಲವನ್ನೇ ಕತ್ತರಿಸಿದರು. ಹೊಣೆ ಯಾರದೆಂದು ಹೇಳಬೇಕಾದ ಜಾಗದಲ್ಲಿ ಈಗ ಬರೀ ಹೊಗೆ.

ಅಟ್ಟೂರಿನಿಂದ ಬಸ್ಸು ಹತ್ತಿ ಹೆಬ್ಬಾಳಕ್ಕೆ ಹೋಗಿ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 750. ಗಂಗರ ಶ್ರೀಪುರುಷ ಆಳುತ್ತಿದ್ದಾಗ ಕಿಟ್ಟಯ್ಯ ಎಂಬಾತ ಊರಿಗಾಗಿ ಕಾದಾಡಿ ಸತ್ತ ಎಂಬುದನ್ನು ಆ ಕಲ್ಲು ಹೇಳುತ್ತದೆ. ಆಳಿದವನು ಯಾರು, ಸತ್ತವನು ಯಾರು, ಎರಡೂ ಇವೆ. ಕಲ್ಲಿನಲ್ಲಿ ಅಕ್ಷರ ಕೊರೆಯುವವನಿಗೆ ಅವಗಾಹನೆ, ಸವಿನಯ ಎಂದೆಲ್ಲ ಕೆತ್ತಲು ಪುರುಸೊತ್ತೆಲ್ಲಿ?

ವಿಶ್ವವಿದ್ಯಾಲಯದವರ ಕಥೆಯೂ ಅಷ್ಟೆ. ‘ಪ್ರಸ್ತುತ ಪ್ರಬಂಧದಲ್ಲಿ ವಿಶ್ಲೇಷಿಸಲಾಗಿದೆ, ಕಂಡುಕೊಳ್ಳಲಾಗಿದೆ.’ ವಿಶ್ಲೇಷಿಸಿದ್ದು ದೆವ್ವವೇ? ನೀವಾದರೆ ‘ನಾನು ಅಳೆದೆ, ನಾನು ಎಣಿಸಿದೆ’ ಎನ್ನಿ; ತಪ್ಪಾದರೆ ಕೇಳುವವರಿಗೆ ಒಂದು ಮುಖವಾದರೂ ಸಿಗಲಿ. ಶಾಸ್ತ್ರ ಬರೆಯಲು ಕನ್ನಡ ಸಾಲದು ಎನ್ನುವ ಮಹಾಶಯರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನಪಿಸಬೇಕು. ಸೆಂಟ್ರಲ್ ಕಾಲೇಜಿನ ಈ ಭೌತಶಾಸ್ತ್ರದ ಮೇಷ್ಟರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ನಡೆಸಿದರು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು ‘ಹಸುರು ಹೊನ್ನು’ ಪುಸ್ತಕದಲ್ಲಿ ನಗುನಗುತ್ತಾ ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕದ ತುಂಬ ಸ್ವಾಮಿಯವರೇ ಓಡಾಡುತ್ತಾರೆ, ಮರ ಹುಡುಕುತ್ತಾರೆ, ವಿದ್ಯಾರ್ಥಿಗಳನ್ನು ಗದರುತ್ತಾರೆ. ಶಾಸ್ತ್ರಕ್ಕೇನೂ ಕುಂದು ಬರಲಿಲ್ಲ.

ವ್ಯಾಪಾರಕ್ಕೆ ಪದ ಇಲ್ಲವೆನ್ನುವ ಮಾತಂತೂ ಶುದ್ಧ ಸುಳ್ಳು. ಜಮಾ, ಖರ್ಚು, ಬಾಕಿ, ಉದ್ರಿ, ರಸೀದಿ, ಮುಂಗಡ ಎಲ್ಲ ಪೇಟೆಯ ಬಾಯಲ್ಲಿ ಹಾಗೇ ಇವೆ. ‘ಕಡತ’ ಎಂದರೇ ಮಸಿ ಬಳಿದ ಬಟ್ಟೆಯ ಲೆಕ್ಕದ ಪುಸ್ತಕ. ಬಾಕಿ ಕೇಳಬೇಕೆ? ‘ಮಾರ್ಚ್ 5ರಂದು ಸರಕು ಕಳಿಸಿದೆ. ₹18,000 ಬಾಕಿ ಇದೆ. ಏಪ್ರಿಲ್ 10ರೊಳಗೆ ಕಳಿಸಿ.’ ಮುಗಿಯಿತು. ಮರ್ಯಾದೆಗೆ ‘ಮಾನ್ಯರೇ’ ಒಂದು ಸಾಕು, ಕಾಲು ಹಿಡಿಯಬೇಕಾಗಿಲ್ಲ.

ಕಾನೂನೂ ಇದನ್ನೇ ಕೇಳುತ್ತದೆ. ಮಾಹಿತಿ ಹಕ್ಕಿನ 2005ರ ಕಾಯ್ದೆಯ 6ನೇ ಕಲಂ ಪ್ರಕಾರ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಆದರೆ ಕರ್ನಾಟಕದ ನಿಯಮಕ್ಕೆ 2008ರಲ್ಲಿ ತಂದ ತಿದ್ದುಪಡಿಯಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಸವಿನಯ’ಕ್ಕೇ ಮೂವತ್ತು ಪದ ಸುರಿದರೆ ಪ್ರಶ್ನೆಗೆ ಉಳಿಯುವುದೆಷ್ಟು? ಹೀಗೆ ಬರೆಯಿರಿ: ‘ಅಟ್ಟೂರು ಬಡಾವಣೆಯ ಬೀದಿದೀಪ ನಿರ್ವಹಣೆಯ ಗುತ್ತಿಗೆದಾರರ ಹೆಸರು, ಕಾರ್ಯಾದೇಶದ ಪ್ರತಿ, ಕಳೆದ 12 ತಿಂಗಳ ಬಿಲ್ಲುಗಳ ಪ್ರತಿ ಕೊಡಿ.’ ಇಪ್ಪತ್ತು ಪದವೂ ಆಗಲಿಲ್ಲ. ಶುಲ್ಕ ₹10. ಉತ್ತರಕ್ಕೆ 30 ದಿನ. ಈ ಕಾಗದಕ್ಕೆ ‘ಸೂಕ್ತ ಕ್ರಮ’ ಎಂದು ಜಾರಿಕೊಳ್ಳಲಿ ನೋಡೋಣ!

ಕೇಂದ್ರದ ಕಚೇರಿ ಎಂದು ಹೆದರಬೇಡಿ. ಸಂವಿಧಾನದ 350ನೇ ವಿಧಿ ನೋಡಿ: ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಕೇಂದ್ರದಲ್ಲಿ ಇಲ್ಲವೇ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ನಿಮಗಿದೆ. ಯಲಹಂಕದ ರೈಲು ಗಾಲಿ ಕಾರ್ಖಾನೆ ಇರಲಿ, ಅಂಚೆ ಕಚೇರಿ ಇರಲಿ, ಕನ್ನಡದಲ್ಲೇ ಕೊಡಿ. ಬ್ಯಾಂಕಿನ ಚೆಕ್ಕನ್ನೂ ಕನ್ನಡದಲ್ಲಿ ಬರೆಯಬಹುದು, ರಿಸರ್ವ್ ಬ್ಯಾಂಕೇ ಒಪ್ಪಿದೆ.

ಈ ಭಾನುವಾರ ನಿಮ್ಮ ಬೀದಿಯ ಹುಡುಗರು ನಾಲ್ಕು ಜನ ಕೂತು ಒಂದು ಅರ್ಜಿ ಬರೆಯಿರಿ. ‘ಲಾಗಿದೆ’ ಕಂಡಲ್ಲೆಲ್ಲ ಗೆರೆ ಹೊಡೆದು ಯಾರು ಎಂದು ಕೇಳಿ, ಹೆಸರೋ ಹುದ್ದೆಯೋ ತುಂಬಿ. ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಂಡು, ಸೋಮವಾರ ಕಚೇರಿಯಲ್ಲಿ ಮೊಹರು ಒತ್ತಿಸಿಕೊಳ್ಳಿ. ರಾಜ್ಯದ ಕಚೇರಿ ಉತ್ತರವನ್ನು ಇಂಗ್ಲಿಷಿನಲ್ಲಿ ಕಳಿಸಿದರೆ ಅದರ ನಕಲನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಳಿಸಿ. ಜೊತೆಗಿಡುವ ಕಾಗದ ಮೂರು ಸಾಲು ಮೀರದಿರಲಿ.