ಓದು ಒಲ್ಲೆ ಎನ್ನುವ ಮಗುವಿಗೆ ಮೊಬೈಲಿನಲ್ಲೇ ಕಥೆ ತೆರೆದುಕೊಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ತಾಯಿ-ತಂದೆಯರಲ್ಲಿ, ಅಕ್ಕ-ಅಣ್ಣಂದಿರಲ್ಲಿ, ಗುರುಗಳಲ್ಲಿ ಒಂದು ವಿನಂತಿ.

‘ನಮ್ಮ ಹುಡುಗ ಪುಸ್ತಕ ಮುಟ್ಟಂಗಿಲ್ರಿ, ಮೊಬೈಲ್ ಬಿಡಂಗಿಲ್ರಿ’ ಎಂಬುದು ಈಗ ಮನೆಮನೆಯ ಮಾತು. ಅದೇ ಮೊಬೈಲಿನಲ್ಲಿ ಕನ್ನಡದ ಚಿತ್ರಕಥೆ ಪುಸ್ತಕಗಳು ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ ಎಂಬುದು ಮಾತ್ರ ಬಹಳ ಮನೆಗಳಿಗೆ ತಿಳಿದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ‘ಸ್ಟೋರಿವೀವರ್’ ಜಾಲತಾಣ ತೆರೆಯಿತು. ಅಲ್ಲಿ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಇಟ್ಟಿದ್ದಾರೆ. ಮೊದಲ ಹಂತದ ಇಡೀ ಪುಸ್ತಕ 250 ಪದಗಳನ್ನು ದಾಟುವುದಿಲ್ಲ. ನಾಲ್ಕನೆಯದು 1500 ಪದಗಳಾಚೆಗೆ ಹೋಗುತ್ತದೆ.

ಐದನೇ ಇಯತ್ತೆಯ ಮಗುವಿಗೂ ಮೊದಲ ಹಂತದ ಪುಸ್ತಕವನ್ನೇ ಕೊಡಿ. ‘ಇದು ಸಣ್ಣ ಹುಡುಗರದು’ ಎಂದು ಕಸಿದುಕೊಳ್ಳಬೇಡಿ. ಓದಲು ಹಿಂಜರಿಯುವ ಮಗು ಸೋಮಾರಿಯಲ್ಲ. ಎಲ್ಲರ ಮುಂದೆ ತಡವರಿಸಿ, ನಗೆಪಾಟಲಾಗಿ, ಪುಸ್ತಕ ಕಂಡರೆ ಮುದುಡಿಕೊಂಡಿದೆ. ಒಂದು ಪುಸ್ತಕವನ್ನು ಕೊನೆಯವರೆಗೆ ಮುಗಿಸಿದ ಖುಷಿ ಅದಕ್ಕೆ ಮೊದಲು ಸಿಗಬೇಕು.

ಇಳಕಲ್‌ನ ಒಂದು ನೇಕಾರರ ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ ಹುಡುಗ. ಮೊಬೈಲಿನ ಕಥೆಯಲ್ಲಿ ಮೊದಲು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ, ಆಮೇಲೆ ಕೆಳಗಿನ ಸಾಲಿಗೆ ಬಂದ. ಓದಿದ್ದನ್ನು ಕುಣಿಮಗ್ಗದಲ್ಲಿ ಕೂತಿದ್ದ ತಾಯಿಗೆ ತನ್ನ ಮಾತಲ್ಲೇ ಹೇಳಿದ. ಆಕೆ ಲಾಳಿ ನಿಲ್ಲಿಸಿ ‘ಮುಂದ ಏನಾತೋ?’ ಎಂದಳು. ‘ತಡಿ ಯವ್ವಾ, ಓದಿ ಹೇಳ್ತೀನಿ’ ಎಂದು ಪುಟ ಸರಿಸಿದ. ಆ ತಾಯಿಗೆ ಅಕ್ಷರ ಬರುವುದಿಲ್ಲ. ಕೇಳುವ ಕಿವಿಯಾಗಲು ಅಕ್ಷರ ಬೇಕಾಗಿಯೂ ಇಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ, ಇದನ್ನು ನಾವು ಸಾಕಷ್ಟು ಗಮನಿಸಿಲ್ಲ. ಮನೆಯಲ್ಲಿ ‘ಅಂವ ಹೋಗ್ಯಾನ’ ಎನ್ನುವ ಮಗುವಿಗೆ ಪುಸ್ತಕದ ‘ಅವನು ಹೋಗಿದ್ದಾನೆ’ ಯಾರೋ ಪರಊರಿನವರ ಮಾತಿನಂತೆ ಕೇಳುತ್ತದೆ. ಹಾಗಾಗಿ ಮಗು ಪುಸ್ತಕದ ಸಾಲನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ ಹೇಳಿದರೆ ತಡೆಯಬೇಡಿ, ತಿದ್ದಬೇಡಿ. ಅರ್ಥವಾಗದೆ ಹಾಗೆ ಹೇಳಲು ಬರುವುದಿಲ್ಲವಲ್ಲ!

ಮನೆಯಲ್ಲಿರುವ ಒಂದೇ ಮೊಬೈಲು ದುಡಿಯಲು ಹೋದ ಅಪ್ಪನ ಜೊತೆ ಗೋವಾಕ್ಕೋ ಮಂಗಳೂರಿಗೋ ಹೋಗಿರಬಹುದು. ಅಂಥ ಮನೆಗಳಿಗಾಗಿ ಓದುಗರೇ, ನೀವು ಕೈಜೋಡಿಸಿ. ಸ್ಟೋರಿವೀವರ್‌ನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ: ಬರೆದವರ, ಚಿತ್ರ ಬಿಡಿಸಿದವರ, ಪ್ರಕಾಶಕರ ಹೆಸರು ಉಳಿಸಿಕೊಂಡು ಮುದ್ರಿಸಬಹುದು, ಹಂಚಬಹುದು. ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಕಥೆಯನ್ನು ಇಳಿಸಿಕೊಂಡು ನಿಮ್ಮೂರ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಪಿನ್ ಹೊಡೆದರೆ ಪುಸ್ತಕ ಸಿದ್ಧ. ಹುಟ್ಟುಹಬ್ಬಕ್ಕೆ ಕೇಕ್ ತರುವವರು ಜೊತೆಗೆ ಇಂಥ ನಾಲ್ಕು ಕಥೆ ತಂದರೆ ಓಣಿಯ ಮಕ್ಕಳಿಗೆಲ್ಲ ಸಾಲುತ್ತದೆ.

ಹಳ್ಳಿಗಳಲ್ಲಿರುವವರು ಪಂಚಾಯಿತಿ ಗ್ರಂಥಾಲಯವನ್ನು, ಈಗಿನ ಅರಿವು ಕೇಂದ್ರವನ್ನು ಮರೆಯಬಾರದು. 2020ರಲ್ಲಿ ಸರಕಾರ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಹೈಸ್ಕೂಲಿನವರಿಗೆ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಇದೆ, ನೋಂದಣಿಗೆ ದುಡ್ಡಿಲ್ಲ.

ಬರೆಯಬಲ್ಲ ಗುರುಗಳಲ್ಲಿ ಒಂದು ವಿಶೇಷ ಬೇಡಿಕೆ. ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು, ಅನುವಾದಿಸಬಹುದು. ಬಾದಾಮಿಯ ಮಂಗಗಳು, ಗುಳೇದಗುಡ್ಡದ ಖಣ, ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಅಜ್ಜಿ, ಬಂಡೆಯ ಮೇಲೆ ತ್ರಿಪದಿಯಲ್ಲಿ ಹೊಗಳಿಸಿಕೊಂಡ ಕಪ್ಪೆ ಅರಭಟ್ಟ – ಇವೆಲ್ಲ ನಮ್ಮ ಮಕ್ಕಳ ಕಥೆಗಳೇ. ನಮ್ಮ ಮಾತಿನ ಸೊಗಡಿನಲ್ಲಿ ಬರೆಯಿರಿ.

ಇವತ್ತು ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಮೊಬೈಲ್ ಮಗುವಿನ ಕೈಗೆ ಕೊಡಿ, ಪಕ್ಕದಲ್ಲಿ ಕೂಡ್ರಿ. ಕಥೆಯನ್ನು ಅದೇ ಆರಿಸಲಿ. ಮುಗಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ‘ಇನ್ನೊಂದು ಸಲ’ ಎಂದರೆ ಅದೇ ಕಥೆಯನ್ನು ಮತ್ತೆ ಓದಲು ಬಿಡಿ.